ಪಡ್ರೆಯಿಂದ ಜಿನೀವಾಕ್ಕೆ ಎಷ್ಟು ದೂರ?

ಶಾಲೆಗಳ ಪ್ರಬಂಧ ಸ್ಪರ್ಧೆಗೆ ಎರಡು ವರ್ಷಕ್ಕೊಮ್ಮೆಯಾದರೂ ಬಂದೇ ಬರುವ ಒಂದು ವಿಷಯ ಉಂಟು. "ಜಗತ್ತು ಎದುರಿಸುತ್ತಿರುವ ಸವಾಲುಗಳು ಮತ್ತು ನಾಳಿನ ಸಮಾಜ." ಹೆಸರು ಸ್ವಲ್ಪ ಬದಲಾಗುತ್ತದೆ, ಒಳಗಿನ ಸರಕು ಬದಲಾಗುವುದಿಲ್ಲ. ಮಕ್ಕಳೂ ಅದಕ್ಕೆ ತಯಾರಾಗಿಯೇ ಬರುತ್ತಾರೆ. ಓಝೋನ್ ಪದರದಲ್ಲಿ ತೂತು, ಅಮೆಜಾನ್ ಕಾಡಿಗೆ ಬೆಂಕಿ, ಧ್ರುವದಲ್ಲಿ ಕರಗುವ ಮಂಜು, ಕೊನೆಗೆ "ಆದ್ದರಿಂದ ನಾವೆಲ್ಲರೂ ಗಿಡ ನೆಡೋಣ". ಬರಹ ಚೆನ್ನಾಗಿಯೇ ಇರುತ್ತದೆ, ಕಾಗುಣಿತದ ತಪ್ಪೂ ಕಡಿಮೆ. ಆದರೆ ನಾನು ಓದಿದ ಅಂಥ ಕಟ್ಟುಗಳಲ್ಲಿ ಪಡ್ರೆಯ ಹೆಸರು ಕಂಡ ನೆನಪಿಲ್ಲ. ಮುಳಿಯಾರಿನದ್ದೂ ಇಲ್ಲ, ಪೆರಿಯದ್ದೂ ಇಲ್ಲ.

ಮಕ್ಕಳದ್ದೇನೂ ತಪ್ಪಿಲ್ಲ ಬಿಡಿ. ಜಗತ್ತು ಅಂದರೆ ದೂರದಲ್ಲಿರುವುದು ಅಂತ ಹೇಳಿಕೊಟ್ಟವರು ನಾವೇ, ಮೇಷ್ಟ್ರುಗಳು. ಜಾಗತಿಕ ಒಪ್ಪಂದ, ಅಂತಾರಾಷ್ಟ್ರೀಯ ಸಮ್ಮೇಳನ ಎಂದರೆ ಪರೀಕ್ಷೆಗೆ ಇಸವಿ ನೆನಪಿಡಬೇಕಾದ ಪಾಠ. ಆದರೆ ಇಡೀ ಭಾರತದಲ್ಲಿ ಹುಡುಕಿದರೂ ನಮ್ಮ ಕಾಸರಗೋಡಿನಷ್ಟು ಹತ್ತಿರದಿಂದ ಒಂದು ಜಾಗತಿಕ ಒಪ್ಪಂದದ ಬಿಸಿ ತಾಗಿಸಿಕೊಂಡ ಜಿಲ್ಲೆ ಇನ್ನೊಂದು ಸಿಗುವುದು ಕಷ್ಟ. ಎಂಡೋಸಲ್ಫಾನ್ ಅಂದ ಕೂಡಲೇ "ಅಯ್ಯೋ, ಅದು ಹಳೇ ಕಥೆ" ಅನ್ನಬೇಡಿ. ಹಳೆಯದಾಗಿದ್ದರೆ ನಾನು ಬರೆಯಲಿಕ್ಕೆ ಕೂರುತ್ತಿರಲಿಲ್ಲ.

ಮೊದಲು ಒಂದು ಮಾತಿನ ವಿಚಾರ. ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೆ ನಮ್ಮಲ್ಲಿ ಏನು ಹೇಳುತ್ತೇವೆ? ಮದ್ದು ಬಿಡುವುದು. ಜ್ವರ ಬಂದರೆ ಡಾಕ್ಟರು ಕೊಡುವುದೂ ಮದ್ದು. ಜಾತ್ರೆಯಲ್ಲಿ ಸಿಡಿಸುವುದೂ ಮದ್ದು. ಇಲಿಗೆ ಇಡುವುದೂ ಮದ್ದೇ. ಕೊಲ್ಲುವುದಕ್ಕೂ ಬದುಕಿಸುವುದಕ್ಕೂ ಒಂದೇ ಶಬ್ದ ಇಟ್ಟುಕೊಂಡ ಜನ ನಾವು! ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಾಡುತ್ತಿದ್ದ ಕಾಲದಲ್ಲೂ ಜನ ಹೇಳುತ್ತಿದ್ದದ್ದು "ಮದ್ದು ಬಿಡುತ್ತಿದ್ದಾರೆ" ಅಂತಲೇ. ಮಲಯಾಳದಲ್ಲೂ ಹಾಗೆಯೇ, 'ಮರುನ್ನು'. ಮಕ್ಕಳು ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡಿ ಬರುತ್ತಿದ್ದರಂತೆ. ಮದ್ದಿಗೆ ಯಾರಾದರೂ ಹೆದರುತ್ತಾರೆಯೇ?

ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ ಸರಕಾರದ್ದೇ ಸಂಸ್ಥೆ, ಶುರುವಾದದ್ದು 1962ರಲ್ಲಿ. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಸುಮಾರು 4,600 ಹೆಕ್ಟೇರಿನಷ್ಟು ಗೇರು ತೋಟ ಅದರ ಕೈಯಲ್ಲಿತ್ತು. ಗೇರಿನ ಚಿಗುರು, ಹೂವುಗಳ ರಸ ಹೀರಿ ಕರಟಿಸುವ ಟೀ ಸೊಳ್ಳೆ ಎಂಬ ಕೀಟ ಇದೆಯಲ್ಲ, ಅದರ ನಿಯಂತ್ರಣಕ್ಕೆಂದು 1970ರ ದಶಕದ ಕೊನೆಯಿಂದ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಸುರಿಯುವುದಕ್ಕೆ ನಿಯಮಗಳೂ ಇದ್ದವು. ಮರದ ತುದಿಗೆ ತೀರ ಹತ್ತಿರದಲ್ಲಿ ಹಾರಬೇಕು, ನೀರಿನ ಮೂಲಗಳನ್ನು ಮುಚ್ಚಬೇಕು ಇತ್ಯಾದಿ. ಈ ನಿಯಮ ಬರೆದವರು ನಮ್ಮ ಗುಡ್ಡಗಳನ್ನು ಒಮ್ಮೆಯೂ ನೋಡಿರಲಿಕ್ಕಿಲ್ಲ. ಮೇಲೆ ಗೇರು, ಕೆಳಗೆ ಕಣಿವೆಯಲ್ಲಿ ಮನೆ, ಅಡಿಕೆ ತೋಟ, ಶಾಲೆ. ಗುಡ್ಡದ ಹೊಟ್ಟೆಗೆ ಅಡ್ಡ ಕೊರೆದ ಸುರಂಗದಿಂದ ಕುಡಿಯುವ ನೀರು. ಹರಿಯುವ ತೋಡು. ಬಾವಿಯ ಬಾಯಿಗೆ ತಾಳೆಗರಿ ಮುಚ್ಚಬಹುದು, ತೋಡಿಗೆ ಏನನ್ನು ಮುಚ್ಚುವುದು? ಸುರಂಗ ಮುಚ್ಚಬೇಕಾದರೆ ಗುಡ್ಡಕ್ಕೇ ಟರ್ಪಾಲು ಹೊದಿಸಬೇಕು.

ಮೊದಲು ಅನುಮಾನ ಬಂದದ್ದು ದನದ ಹಟ್ಟಿಯಲ್ಲಿ. ಕಾಲು ವಕ್ರವಾಗಿ ಹುಟ್ಟುವ ಕರುಗಳು. ಇದನ್ನು ಪತ್ರಿಕೆಗೆ ಬರೆದವರು ನಮ್ಮವರೇ ಆದ ಶ್ರೀ ಪಡ್ರೆ, ಮುಂದೆ 'ಅಡಿಕೆ ಪತ್ರಿಕೆ'ಯ ಸಂಪಾದಕರಾಗಿ, ನೆಲ-ಜಲದ ಬರಹಗಳಿಂದ ಕನ್ನಡಿಗರೆಲ್ಲರಿಗೂ ಪರಿಚಿತರಾದವರು. ಆಗ 1980ರ ದಶಕ ಇನ್ನೂ ಕಣ್ಣುಬಿಡುತ್ತಿದ್ದ ಕಾಲ. ಆಮೇಲೆ ವಾಣೀನಗರದಲ್ಲಿ ಪ್ರಾಕ್ಟೀಸು ಮಾಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡಿ ಲೆಕ್ಕ ಬರೆದಿಟ್ಟರು. ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಬುದ್ಧಿಮಾಂದ್ಯ ಮಕ್ಕಳು ಯಾಕೆ, ಅಪಸ್ಮಾರ ಯಾಕೆ, ಕ್ಯಾನ್ಸರ್ ಯಾಕೆ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ ಯಾಕೆ ಅಂತ. ದಕ್ಷಿಣದ ಪುಲ್ಲೂರು-ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯಕ್ಕೆ ಹೋಗಿ ಆಕಾಶದಿಂದ ಸಿಂಪಡಿಸುವುದಕ್ಕೆ ತಡೆ ತಂದರು. ಒಬ್ಬ ಪತ್ರಕರ್ತ, ಒಬ್ಬ ಹಳ್ಳಿ ಡಾಕ್ಟರು, ಇಲಾಖೆಯೊಳಗೇ ಇದ್ದು ಇಲಾಖೆಗಳ ಎದುರು ನಿಂತ ಒಬ್ಬ ಹೆಂಗಸು. ಈ ಮೂವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕೋ ಬೇಡವೋ, ನೀವೇ ಹೇಳಿ. ರಾಚೆಲ್ ಕಾರ್ಸನ್ ಹೆಸರನ್ನು ಉರು ಹೊಡೆಸುತ್ತೇವೆ. ಆಕೆ ದೊಡ್ಡವಳೇ, ಆದರೆ ಪೆರ್ಲ ಬಸ್ಸು ಹತ್ತಿ ಹೋದರೆ ಸಿಗುವ ಊರಿನ ಕಥೆಯನ್ನು ಬಿಟ್ಟು ಅಮೆರಿಕಕ್ಕೆ ಹೋಗಬೇಕೆ?

ಈಗ ನೀತಿಯ ವಿಚಾರಕ್ಕೆ ಬರುತ್ತೇನೆ. 'ನೀತಿ' ಎಂದರೆ ಇಲ್ಲಿ ನೀತಿಕಥೆಯ ನೀತಿ ಅಲ್ಲ, ಸರಕಾರಗಳ ಪಾಲಿಸಿ.

2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಇಲ್ಲಿಗೆ ಬಂದು ಅಧ್ಯಯನ ಮಾಡಿದರು. ಯಾರ ಮೇಲೆ ಗೊತ್ತೇ? ಶಾಲೆಯ ಮಕ್ಕಳ ಮೇಲೆ. ಗಂಡುಮಕ್ಕಳ ಬೆಳವಣಿಗೆಯ ಬಗೆಗಿನ ಭಾಗ 2003ರಲ್ಲಿ ಅಮೆರಿಕದ ಒಂದು ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲಿ ಬಂತು. 10ರಿಂದ 19 ವರ್ಷದ 117 ಹುಡುಗರು ಸಿಂಪಡಣೆ ನಡೆದ ಊರಿನವರು, ಹೋಲಿಕೆಗೆ 90 ಹುಡುಗರು ಸಿಂಪಡಣೆ ಇಲ್ಲದ ಊರಿನವರು. ಮೊದಲಿನ ಗುಂಪಿನ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಅಂಶ ಬಹಳ ಹೆಚ್ಚು, ಪ್ರಾಯಕ್ಕೆ ಬರುವುದು ತಡ, ಹಾರ್ಮೋನುಗಳಲ್ಲಿ ಏರುಪೇರು ಎಂಬುದು ಅದರ ಸಾರ. ಕೀಟನಾಶಕ ಉದ್ಯಮದ ಕಡೆಯವರು ಇದಕ್ಕೆ ಆಕ್ಷೇಪವನ್ನೂ ಎತ್ತಿದರು. ಎತ್ತಲಿ, ವಿಜ್ಞಾನ ನಡೆಯುವುದೇ ಹಾಗೆ. ಆದರೆ ಒಂದು ಯೋಚನೆ ಮಾಡಿ. ಜಗತ್ತಿನ ತಜ್ಞರು ಇಂಗ್ಲಿಷಿನಲ್ಲಿ ಓದಿ ತರ್ಕ ಮಾಡಿದ ಆ ಪುಟಗಳಲ್ಲಿ 'ಸಬ್ಜೆಕ್ಟ್' ಎಂದು ಕರೆಸಿಕೊಂಡದ್ದು ನಮ್ಮ ಜಿಲ್ಲೆಯ ಶಾಲೆಗಳ ಬೆಂಚಿನಲ್ಲಿ ಕೂತ ಹುಡುಗರು. ಅದನ್ನು ನಮ್ಮ ಶಾಲೆಗಳಲ್ಲಿ ಕನ್ನಡದಲ್ಲಿ ಓದಿ ಹೇಳಿದವರು ಎಷ್ಟು ಮಂದಿ?

ಅದೇ 2001ರ ಮೇ ತಿಂಗಳಲ್ಲಿ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ಒಂದು ಒಪ್ಪಂದವಾಯಿತು. ಸುಲಭದಲ್ಲಿ ಕರಗದೆ, ವರ್ಷಗಟ್ಟಲೆ ಮಣ್ಣು-ನೀರಿನಲ್ಲಿ ಉಳಿದು, ಗಾಳಿಯಲ್ಲಿ ದೇಶದಿಂದ ದೇಶಕ್ಕೆ ಸಾಗಿ, ಪ್ರಾಣಿಗಳ ಕೊಬ್ಬಿನಲ್ಲಿ ಸೇರಿಕೊಳ್ಳುವ ವಿಷಗಳನ್ನು ಜಗತ್ತಿನಿಂದಲೇ ತೆಗೆಯಬೇಕು ಎಂಬ ಒಪ್ಪಂದ. ಜಾರಿಗೆ ಬಂದದ್ದು 2004ರಲ್ಲಿ. ಮೊದಲ ಪಟ್ಟಿಯಲ್ಲಿ ಡಿಡಿಟಿ ಸೇರಿ 12 ವಿಷಗಳು. ಭಾರತ ಸ್ಥಿರೀಕರಿಸಿದ್ದು 2006ರಲ್ಲಿ. 2007ರಲ್ಲಿ ಯುರೋಪಿನ ಒಕ್ಕೂಟ ಈ ಪಟ್ಟಿಗೆ ಎಂಡೋಸಲ್ಫಾನನ್ನೂ ಸೇರಿಸಬೇಕೆಂದು ಹೆಸರು ಸೂಚಿಸಿತು. ಯಾವತ್ತೂ ಗೇರು ಬೆಳೆಯದ ಉತ್ತರ ಧ್ರುವದ ಗಾಳಿಯಲ್ಲೂ ಹಿಮದಲ್ಲೂ ಆ ವಿಷ ಸಿಕ್ಕಿತ್ತು.

ಭಾರತ ಏನು ಮಾಡಿತು? ವಿರೋಧಿಸಿತು. ಒಂದು ಸಲ ಅಲ್ಲ, ವರ್ಷ ವರ್ಷವೂ. ಆಗ ಜಗತ್ತಿನಲ್ಲಿ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ ದೇಶ ನಮ್ಮದು. ತಯಾರಿಸುತ್ತಿದ್ದವರಲ್ಲಿ ಕೇಂದ್ರ ಸರಕಾರದ್ದೇ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಇತ್ತು, ಅದರ ಕಾರ್ಖಾನೆ ಕೇರಳದ ಏಲೂರಿನಲ್ಲಿ. ಹೀಗೆ ತಯಾರಿಸಿದ್ದೂ ಸರಕಾರ, ಸುರಿದದ್ದೂ ಸರಕಾರ, ಸುರಿದದ್ದರಿಂದ ಏನೂ ಆಗಿಲ್ಲ ಎಂದು ಹೊರದೇಶದಲ್ಲಿ ವಾದಿಸಿದ್ದೂ ಸರಕಾರ. ಖಾಸಗಿ ಕಂಪೆನಿಗಳ ದುರಾಸೆ ಎಂದು ಭಾಷಣ ಮಾಡುವವರು ಈ ಭಾಗವನ್ನು ಮೆಲ್ಲಗೆ ದಾಟಿಹೋಗುತ್ತಾರೆ.

ಆ ವಾದದಲ್ಲಿ ಹುರುಳೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಎಂಡೋಸಲ್ಫಾನ್ 1950ರ ದಶಕದಲ್ಲಿ ಜರ್ಮನಿಯ ಕಂಪೆನಿ ಹೊರತಂದದ್ದು. ಪೇಟೆಂಟ್ ಮುಗಿದ ಮೇಲೆ ನಮ್ಮವರು ಅಗ್ಗಕ್ಕೆ ಮಾಡಿ ಮಾರಿದರು. "ಯುರೋಪಿನವರಿಗೆ ತಮ್ಮ ದುಬಾರಿ ಹೊಸ ಔಷಧ ಮಾರಲಿಕ್ಕಿದೆ, ಅದಕ್ಕೇ ಹಳೆಯದನ್ನು ನಿಷೇಧಿಸಿ ಅನ್ನುತ್ತಾರೆ" ಎಂಬ ಮಾತು ದಿಲ್ಲಿಯಲ್ಲಿ ಜೋರಾಗಿ ಕೇಳಿಬಂತು. ಬಡ ರೈತನಿಗೆ ಅಗ್ಗದ ಔಷಧ ಬೇಕು ಎಂಬುದು ಸುಳ್ಳಲ್ಲ. ಶ್ರೀಮಂತ ದೇಶಗಳು ಪರಿಸರದ ಹೆಸರಲ್ಲಿ ವ್ಯಾಪಾರ ಮಾಡುತ್ತವೆ ಎಂಬುದೂ ಸುಳ್ಳಲ್ಲ. ಆದರೆ ಎದುರಿನವನ ಮನಸ್ಸಿನಲ್ಲಿ ಕಪಟ ಉಂಟು ಎಂಬ ಕಾರಣಕ್ಕೆ ನಮ್ಮ ಮನೆಯ ಬಾವಿಯಲ್ಲಿರುವ ವಿಷ ಅಮೃತವಾಗುತ್ತದೆಯೇ? ಮತ್ತೆ, ದಿಲ್ಲಿ ಯಾವ ಬಡ ರೈತನ ಪರವಾಗಿ ಮಾತಾಡಿತೋ ಅವನೇ ಪಡ್ರೆಯಲ್ಲೂ ಇದ್ದ. ಅವನನ್ನು ಯಾರೂ ಕೇಳಲಿಲ್ಲ.

ಮುಂದಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಕೇರಳದಲ್ಲಿ 2001ರಲ್ಲಿ ನಿಷೇಧ, 2002ರಲ್ಲಿ ಸಡಿಲಿಕೆ, ಮತ್ತೆ ಹೈಕೋರ್ಟಿನ ತಡೆ, 2005ರಲ್ಲಿ ಕೇರಳದ ಮಟ್ಟಿಗೆ ಕೇಂದ್ರದ ನಿಷೇಧ. 2010ರ ಕೊನೆಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಇಡೀ ದೇಶದಲ್ಲಿ ನಿಷೇಧಿಸಿ, ಸಂತ್ರಸ್ತರಿಗೆ ಪರಿಹಾರ ಕೊಡಿ ಎಂದು ಶಿಫಾರಸು ಮಾಡಿತು. 2011ರ ಏಪ್ರಿಲ್ 25ರಂದು ಜಿನೀವಾದಲ್ಲಿ ಸಮ್ಮೇಳನ ಶುರುವಾದ ದಿನವೇ ಕೇರಳದ ಆಗಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ತಿರುವನಂತಪುರದಲ್ಲಿ ಉಪವಾಸ ಕೂತರು. ಕೇಂದ್ರದ ಪ್ರತಿನಿಧಿಗಳು ಅಲ್ಲಿ ಒಂದು ಹೇಳುತ್ತಿದ್ದಾಗ ರಾಜ್ಯದ ಮುಖ್ಯಮಂತ್ರಿ ಇಲ್ಲಿ ಅದಕ್ಕೆ ತದ್ವಿರುದ್ಧ ಹೇಳುತ್ತಿದ್ದರು. ಕೊನೆಗೆ ಎಂಡೋಸಲ್ಫಾನ್ ಜಾಗತಿಕ ನಿಷೇಧದ ಪಟ್ಟಿಗೆ ಸೇರಿತು, ಆದರೆ ಕೆಲವು ಬೆಳೆಗಳಿಗೆ ವರ್ಷಗಳ ವಿನಾಯಿತಿಯೊಂದಿಗೆ. ಹತ್ತಿ, ಚಹಾ, ಕಾಫಿ, ಭತ್ತ, ಮಾವು ಅಂತ ಪಟ್ಟಿ ಉದ್ದ ಇತ್ತು. ಅಷ್ಟೆಲ್ಲ ಗಲಾಟೆಗೆ ಕಾರಣವಾದ ಗೇರು ಮಾತ್ರ ಅದರಲ್ಲಿ ಇರಲಿಲ್ಲ! ಎರಡು ವಾರದಲ್ಲಿ, ಮೇ 13ರಂದು, ಡಿವೈಎಫ್‌ಐ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ತಯಾರಿ, ಮಾರಾಟ, ಬಳಕೆ ಎಲ್ಲವನ್ನೂ ದೇಶಾದ್ಯಂತ ನಿಲ್ಲಿಸಿತು. ವಿನಾಯಿತಿಯ ಲೆಕ್ಕ ಅಲ್ಲಿಗೆ ಬರ್ಖಾಸ್ತು.

ಪತ್ರಿಕೆಗಳಲ್ಲಿ "ಗೆಲುವು" ಎಂದು ದಪ್ಪಕ್ಷರದಲ್ಲಿ ಬಂತು. ನನ್ನ ತಕರಾರು ಇರುವುದು ಇಲ್ಲಿಂದ ಮುಂದೆ.

ಜಗತ್ತು ಒಂದು ವಿಷವನ್ನು ನಿಷೇಧಿಸುವುದನ್ನು ಕಲಿತಿದೆ. ತಡವಾಗಿ ಆದರೂ ಕಲಿತಿದೆ. ಆದರೆ ಆ ವಿಷ ಆಗಲೇ ಯಾರ ಮೈಯೊಳಗೆ ಸೇರಿತ್ತೋ ಅವರನ್ನು ಏನು ಮಾಡಬೇಕು ಎಂಬುದಕ್ಕೆ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಉತ್ತರ ಇಲ್ಲ. ಅದರಲ್ಲಿ ತಯಾರಕರಿಗೆ ವಿನಾಯಿತಿ ಕೇಳಲು ದಾರಿ ಉಂಟು, ದೇಶಗಳಿಗೆ ತಾಂತ್ರಿಕ ನೆರವಿಗೆ ದಾರಿ ಉಂಟು, ಉಳಿದ ದಾಸ್ತಾನನ್ನು ಹೇಗೆ ನಾಶ ಮಾಡಬೇಕೆಂಬ ವಿಧಿ ಉಂಟು. ಹಾಸಿಗೆ ಹಿಡಿದ ಮಗುವನ್ನು ನೋಡಿಕೊಳ್ಳುವ ತಾಯಿಗೆ ಪರಿಹಾರ ಕೇಳುವ ದಾರಿ ಅದರಲ್ಲಿ ಇಲ್ಲ. ಅವಳು ಪುನಃ ಕಾಸರಗೋಡಿನ ಕಲೆಕ್ಟರೇಟಿಗೇ ಬರಬೇಕು.

ಬಂದಳು. ಬಂದ ಮೇಲೆ ಏನಾಯಿತು ನೋಡಿ. 2010ರಲ್ಲಿ ಶಿಫಾರಸಾದ ಪರಿಹಾರವನ್ನು ಮೂರು ತಿಂಗಳೊಳಗೆ ಎಲ್ಲರಿಗೂ ಕೊಡಿ, ತಲಾ 5 ಲಕ್ಷ ರೂಪಾಯಿ, ಎಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2017ರ ಜನವರಿಯಲ್ಲಿ. ಆಜೀವ ಚಿಕಿತ್ಸೆಗೆ ವ್ಯವಸ್ಥೆ ಮಾಡುವುದನ್ನೂ ಯೋಚಿಸಿ ಎಂದಿತು. ಮೂರು ತಿಂಗಳು ಐದು ವರ್ಷವಾಯಿತು. 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆಯ ಅರ್ಜಿ ಬಂದಾಗ ಕೋರ್ಟಿನ ಎದುರು ತೆರೆದ ಲೆಕ್ಕ ಹೀಗಿತ್ತು: 3,704 ಸಂತ್ರಸ್ತರಲ್ಲಿ ಪರಿಹಾರ ಸಿಕ್ಕಿದ್ದು 8 ಮಂದಿಗೆ. ಆ ಎಂಟು ಮಂದಿ ಯಾರು? ಕೋರ್ಟಿಗೆ ಹೋದವರು. ಉಳಿದವರಲ್ಲಿ 102 ಮಂದಿ ಹಾಸಿಗೆ ಹಿಡಿದವರು, 119 ಮಂದಿ ಕ್ಯಾನ್ಸರ್ ರೋಗಿಗಳು ಎಂದು ಅದೇ ಲೆಕ್ಕದಲ್ಲಿ ಬರೆದಿತ್ತು. ಹಾಸಿಗೆ ಹಿಡಿದವನು ಎದ್ದು ದಿಲ್ಲಿಗೆ ಹೋಗಿ ದಾವೆ ಹೂಡಿದರೆ ಮಾತ್ರ ಪರಿಹಾರ, ಇದು ಯಾವ ಲೋಕದ ನ್ಯಾಯ ಮಾರಾಯ್ರೇ? ಮುಖ್ಯ ಕಾರ್ಯದರ್ಶಿಯೇ ತಿಂಗಳು ತಿಂಗಳು ಸಭೆ ಮಾಡಿ ನೋಡಿಕೊಳ್ಳಬೇಕು ಎಂದು ಕೋರ್ಟು ಕಟ್ಟುನಿಟ್ಟು ಮಾಡಿದ ಮೇಲೆಯೇ ಹಣ ಹಳ್ಳಿಗಳ ಕಡೆ ನಡೆಯತೊಡಗಿತು. ಅದೇ ವರ್ಷದ ಅಕ್ಟೋಬರದಲ್ಲಿ ಎಂಬತ್ತು ದಾಟಿದ ದಯಾಬಾಯಿ ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ನಮ್ಮ ಜಿಲ್ಲೆಗಾಗಿ ನಿರಶನ ಕೂತರು. ಅವರು ಕೇಳಿದ್ದು ಹಣವನ್ನಲ್ಲ, ಆಸ್ಪತ್ರೆಯನ್ನು.

ಪಟ್ಟಿಯ ಜಗಳ ಬೇರೆಯೇ ಉಂಟು. 2017ರ ವೈದ್ಯಕೀಯ ಶಿಬಿರದಲ್ಲಿ ಹೆಸರು ಬಂದು ಅಂತಿಮ ಪಟ್ಟಿಯಿಂದ ಹೊರಬಿದ್ದ 1,031 ಮಂದಿಯ ಹೋರಾಟ ವರ್ಷಗಳ ಕಾಲ ನಡೆಯಿತು. 11 ಪಂಚಾಯತುಗಳನ್ನು ಬಾಧಿತವೆಂದು ಗುರುತಿಸಿದ್ದಾರೆ. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಬದಿಯಡ್ಕ, ಕಾರಡ್ಕ, ಮುಳಿಯಾರು, ಪುಲ್ಲೂರು-ಪೆರಿಯ, ಅಜಾನೂರು, ಕಳ್ಳಾರ್, ಪನತ್ತಡಿ, ಕಯ್ಯೂರು-ಚೀಮೇನಿ. ನಮ್ಮ ಮೊಗ್ರಾಲ್ ಇದರಲ್ಲಿ ಇಲ್ಲ. ನಾವು ಕರಾವಳಿಯವರು, ಇಶಲ್ ಹಾಡಿನ, ಫುಟ್‌ಬಾಲಿನ ಊರಿನವರು, ನಮಗೂ ಅದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಮೊಗ್ರಾಲ್ ಹೊಳೆ ಎಲ್ಲಿಂದ ಬರುತ್ತದೆ ಅಂತ ನೋಡಿ. ಕಾರಡ್ಕದ ಕಡೆಯ ಗುಡ್ಡಗಳಿಂದ ಇಳಿದು, ಮಧೂರಿನಲ್ಲಿ ಮಧುವಾಹಿನಿ ಎನಿಸಿಕೊಂಡು, ನಮ್ಮಲ್ಲಿ ಸಮುದ್ರ ಸೇರುತ್ತದೆ. ಪಂಚಾಯತಿನ ಗಡಿ ಬೋರ್ಡು ರಸ್ತೆಯ ಬದಿಯಲ್ಲಿ ಇರುತ್ತದೆ, ಹೊಳೆಯಲ್ಲಿ ಇರುವುದಿಲ್ಲ.

ರಾಜ್ಯದ ಗಡಿಯೂ ಅಷ್ಟೇ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆ ಕರ್ನಾಟಕದ್ದೇ ಗೇರು ಅಭಿವೃದ್ಧಿ ನಿಗಮ ಇದೇ ವಿಷವನ್ನು ಇದೇ ರೀತಿ ಸುರಿದಿತ್ತು. ಅಲ್ಲಿಯೂ ಇಂಥದ್ದೇ ಮಕ್ಕಳು, ಇಂಥದ್ದೇ ತಾಯಂದಿರು. ಕರ್ನಾಟಕ ನಿಷೇಧಿಸಿದ್ದು 2011ರ ಆರಂಭದಲ್ಲಿ. ಎರಡೂ ಕಡೆಯ ಸಂತ್ರಸ್ತರಿಗೆ ಕಾಯಿಲೆ ಒಂದೇ, ಮಾತೂ ಹೆಚ್ಚಿನಂಶ ಒಂದೇ, ಆದರೆ ಮಾಸಾಶನ ಬೇರೆ, ಕಾರ್ಡು ಬೇರೆ, ಪರಿಹಾರ ಬೇರೆ. ಒಂದೇ ಗೋಷ್ಠಿಯಲ್ಲಿ ಎರಡು ಸರಕಾರಗಳ ಆರೋಗ್ಯ ಇಲಾಖೆಯವರು ಕೂತು ಸಮಾನ ಪಟ್ಟಿ ಮಾಡಿದರೆ ಆಕಾಶ ಬೀಳುತ್ತದೆಯೇ? ಮಿಂಚಿನಪದವಿನ ಕಥೆ ಕೇಳಿರಬಹುದು. ಅಲ್ಲಿ, ಎರಡು ರಾಜ್ಯಗಳ ಗಡಿಯಲ್ಲಿ, ಉಳಿದ ಎಂಡೋಸಲ್ಫಾನನ್ನು ಹಳೆ ಬಾವಿಗೆ ಹಾಕಿ ಮುಚ್ಚಿದ್ದಾರೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ಬಾವಿಯ ನೀರು ಕನ್ನಡಕ್ಕೋ ಮಲಯಾಳಕ್ಕೋ ಹರಿಯುವುದು ಎಂದು ಯಾವ ಮಂಡಳಿ ಹೇಳೀತು!

ಗಡಿ ಎಂದಾಗ 2020ರ ಮಾರ್ಚ್ ನೆನಪಿಗೆ ಬರುತ್ತದೆ. ಕೊರೋನಾ ಕಾಲದಲ್ಲಿ ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಸಣ್ಣ ರಸ್ತೆಗಳಿಗೆ ಮಣ್ಣು ಸುರಿಯಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ನಮ್ಮ ಜಿಲ್ಲೆಯ ರೋಗಿಗಳು ಗಡಿಯಲ್ಲಿ ಸಿಕ್ಕಿಬಿದ್ದರು. ಚಿಕಿತ್ಸೆ ಸಿಗದೆ ಸತ್ತವರಿದ್ದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ಬಿಡಿಸಿ ಎಂದು ಕೇಂದ್ರಕ್ಕೆ ಹೇಳಿತು, ಸಂಗತಿ ಸುಪ್ರೀಂ ಕೋರ್ಟಿಗೂ ಹೋಯಿತು. ಆಗ ಎಲ್ಲರಿಗೂ ಒಮ್ಮೆಲೇ ನೆನಪಾದದ್ದು ಉಕ್ಕಿನಡ್ಕದ ಮೆಡಿಕಲ್ ಕಾಲೇಜು. ಅದಕ್ಕೆ ಶಿಲಾನ್ಯಾಸವಾದದ್ದು 2013ರ ನವೆಂಬರ್ 30ರಂದು. ಆರು ವರ್ಷ ಕಳೆದರೂ ಮುಗಿಯದ ಕಟ್ಟಡದ ಒಂದು ಭಾಗವನ್ನು 2020ರಲ್ಲಿ ದಿನಗಳಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಮನಸ್ಸು ಮಾಡಿದರೆ ದಿನಗಳಲ್ಲಿ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಕಾಲೇಜಿಗೆ 50 ಎಂಬಿಬಿಎಸ್ ಸೀಟುಗಳ ಅನುಮತಿ ಬಂದದ್ದು 2025ರಲ್ಲಿ. ಶಿಲಾನ್ಯಾಸದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಗು ಆಗಲೇ ಹೈಯರ್ ಸೆಕೆಂಡರಿ ಮುಗಿಸಿತ್ತು.

ಈಗ ಹೊಸ ಕಥೆ. ಇದನ್ನು ಹೇಳುವುದಕ್ಕೆಂದೇ ಇಷ್ಟೆಲ್ಲ ಪೀಠಿಕೆ ಹಾಕಿದ್ದು.

2025ರ ಏಪ್ರಿಲ್-ಮೇ ತಿಂಗಳಲ್ಲಿ ಅದೇ ಜಿನೀವಾದಲ್ಲಿ ಅದೇ ಒಪ್ಪಂದದ ಸಮ್ಮೇಳನ ಕೂಡಿತು. ಈ ಸಲ ಪಟ್ಟಿಗೆ ಸೇರಿದ್ದು ಕ್ಲೋರ್‌ಪೈರಿಫಾಸ್. ಹೆಸರು ಗೊತ್ತಲ್ಲ? ಗೊತ್ತಿಲ್ಲದಿದ್ದರೆ ನಿಮ್ಮ ಮನೆಯ ಹಿಂದಿನ ಕೊಟ್ಟಿಗೆಯ ಅಟ್ಟದಲ್ಲಿ ನೋಡಿ. ಗೆದ್ದಲಿಗೆ ಅದೇ, ಅಡಿಕೆ ಮರದ ಬೇರುಹುಳಕ್ಕೆ ಅದೇ, ಹೊಸ ಮನೆಯ ತಳಪಾಯಕ್ಕೂ ಅದೇ. ಬೆಳೆಯುವ ಮಕ್ಕಳ ಮಿದುಳಿಗೆ ತೊಂದರೆ ಎಂಬ ಕಾರಣಕ್ಕೆ ಯುರೋಪಿನ ಒಕ್ಕೂಟ 2020ರಲ್ಲಿ ಅದರ ಅನುಮತಿಯನ್ನು ಕೈಬಿಟ್ಟಿತ್ತು. ಜಿನೀವಾದಲ್ಲಿ ಭಾರತ ಈ ಬಾರಿಯೂ ಹಿಂದೆಮುಂದೆ ನೋಡಿತು. ರೈತರಿಗೆ ಬದಲಿ ಇಲ್ಲ, ಆಹಾರ ಭದ್ರತೆ ಎಂಬ ಅದೇ ಮಾತುಗಳು. ಕೊನೆಗೆ ಹಲವು ವಿನಾಯಿತಿಗಳೊಂದಿಗೆ ನಿರ್ಧಾರವಾಯಿತು.

ಇಲ್ಲಿ ಒಂದು ಸೂಕ್ಷ್ಮ ಉಂಟು, ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಜಿನೀವಾದಲ್ಲಿ ಪಟ್ಟಿಗೆ ಸೇರಿದ ಕೂಡಲೇ ಅದು ಭಾರತಕ್ಕೆ ಅನ್ವಯವಾಗುವುದಿಲ್ಲ. ಒಪ್ಪಂದ ಸೇರುವಾಗಲೇ ಭಾರತ ಹೇಳಿಟ್ಟಿದೆ: ಹೊಸ ವಿಷ ಪಟ್ಟಿಗೆ ಬಂದರೆ ನಾವು ಪ್ರತ್ಯೇಕವಾಗಿ ಒಪ್ಪಿ ಸಹಿ ಹಾಕಿದ ಮೇಲೆ ಮಾತ್ರ ನಮಗೆ ಕಟ್ಟುಪಾಡು. 2020ರ ಅಕ್ಟೋಬರದಲ್ಲಿ ಕೇಂದ್ರ ಸಂಪುಟ ಏಳು ರಾಸಾಯನಿಕಗಳಿಗೆ ಹೀಗೆ ಒಟ್ಟಿಗೆ ಒಪ್ಪಿಗೆ ಕೊಟ್ಟಿತ್ತು. ಅವೆಲ್ಲ ಪಟ್ಟಿಗೆ ಸೇರಿ ವರ್ಷಗಳಾಗಿದ್ದವು. ಅಂದರೆ ಜಗತ್ತು ವಿಷ ಎಂದು ತೀರ್ಮಾನಿಸಿದ್ದಕ್ಕೂ ನಮ್ಮ ಅಂಗಡಿಯ ಶೆಲ್ಫಿನಿಂದ ಅದು ಇಳಿಯುವುದಕ್ಕೂ ನಡುವೆ ಎಷ್ಟು ವರ್ಷ ಬೇಕಾದರೂ ಹೋಗಬಹುದು. ಈ ನಡುವಿನ ವರ್ಷಗಳಲ್ಲಿ ಹುಟ್ಟುವ ಮಕ್ಕಳೇ ಮುಂದೆ ನಮ್ಮ ಒಂದನೇ ಕ್ಲಾಸಿಗೆ ಬರುವವರು.

ಕ್ಲೋರ್‌ಪೈರಿಫಾಸನ್ನೂ ಎಂಡೋಸಲ್ಫಾನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಒಂದನ್ನು ಹೆಲಿಕಾಪ್ಟರಿನಿಂದ ಊರ ಮೇಲೆಲ್ಲ ಸುರಿದರು, ಇನ್ನೊಂದನ್ನು ನಾವೇ ದುಡ್ಡು ಕೊಟ್ಟು ತಂದು ಬುಡಕ್ಕೆ ಹೊಯ್ಯುತ್ತೇವೆ. ಹಾಗಾಗಿಯೇ ಈ ಸಲ ಬೈಯಲಿಕ್ಕೆ ಕಾರ್ಪೊರೇಷನ್ ಸಿಗುವುದಿಲ್ಲ. ಬೇರುಹುಳ ಬಂದು ಅಡಿಕೆ ಮರ ಹಳದಿಯಾಗುವಾಗ ರೈತನಿಗೆ "ಬಿಡಿ" ಎಂದು ಹೇಳುವುದು ಸುಲಭ, ಬಿಡುವುದು ಕಷ್ಟ. ಬದಲಿ ತೋರಿಸಬೇಕು. ಅದಕ್ಕೆ ನಮಗೆ ಜಿನೀವಾಕ್ಕೆ ಹೋಗಬೇಕಾಗಿಲ್ಲ. ಕೂಡ್ಲಿನಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ನಾವು ಸಿಪಿಸಿಆರ್‌ಐ ಅನ್ನುವುದು, ಇದೆ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಬೇರುಹುಳಕ್ಕೆ ಜೈವಿಕ ನಿಯಂತ್ರಣದ ಕೆಲಸ ಅಲ್ಲಿಯೇ ನಡೆದಿದೆ. ಆ ಮಾಹಿತಿ ಕನ್ನಡದಲ್ಲಿ, ಕುಂಬಳೆಯ ಗೊಬ್ಬರದ ಅಂಗಡಿಯ ಗೋಡೆಯಲ್ಲಿ, ಕಣ್ಣಿಗೆ ಬೀಳುವಷ್ಟು ದೊಡ್ಡ ಅಕ್ಷರದಲ್ಲಿ ಇರಬೇಕು. ನೀತಿ ಅಂದರೆ ಇಷ್ಟೇ, ಸರಿಯಾದ ಮಾಹಿತಿ ಸರಿಯಾದ ಗೋಡೆಗೆ ಬರುವುದು.

ಕನ್ನಡ ಎಂದಾಗ ಕೆಲವರು, "ಕಾಯಿಲೆಯ ವಿಷಯದಲ್ಲೂ ಭಾಷೆಯನ್ನು ತರುತ್ತೀರಾ?" ಎಂದು ಮುಖ ಸಿಂಡರಿಸುತ್ತಾರೆ. ತರುತ್ತೇನೆ. ಬಾಧಿತವಾದ ಉತ್ತರದ ಪಂಚಾಯತುಗಳಲ್ಲಿ ಕನ್ನಡ, ತುಳು, ಮರಾಠಿ ಮನೆಮಾತಿನವರು ಬಹಳ. ಓದು ಕಲಿತದ್ದು ಕನ್ನಡದಲ್ಲಿ. ಮಲಯಾಳದಲ್ಲಿ ಮಾತಾಡಬಲ್ಲರು, ಓದಲಾರರು. ಶಿಬಿರದ ಸೂಚನೆ, ಬೇಕಾದ ದಾಖಲೆಗಳ ಪಟ್ಟಿ, ಕೊನೆಯ ದಿನಾಂಕ ಇವೆಲ್ಲ ಮಲಯಾಳದಲ್ಲಿ ಮಾತ್ರ ಬಂದರೆ, ಪಟ್ಟಿಯಿಂದ ಹೊರಬೀಳುವುದಕ್ಕೆ ಡಾಕ್ಟರೇ ಬೇಡ, ಕಾಗದವೇ ಸಾಕು. ಮಲಯಾಳದ ಮೇಲೆ ನನಗೆ ಮುನಿಸಿಲ್ಲ. ಈ ದುರಂತವನ್ನು ಕೇರಳದ ಮನೆಮನೆಗೆ ಮುಟ್ಟಿಸಿದ್ದೇ ಮಲಯಾಳ ಪತ್ರಿಕೆಗಳು, ಅಂಬಿಕಾಸುತನ್ ಮಾಂಙಾಡ್ ಅವರ 'ಎಣ್ಮಕಜೆ' ಕಾದಂಬರಿ. ಋಣ ದೊಡ್ಡದು. ಆದರೆ 1969ರ ಕೇರಳ ಆಡಳಿತ ಭಾಷಾ ಕಾಯಿದೆಯಲ್ಲಿ ಒಂದು ಮಾತು ಸ್ಪಷ್ಟವಾಗಿ ಉಂಟು. ಕನ್ನಡ, ತಮಿಳು ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಹಕ್ಕನ್ನು ಭಾಷಣದಲ್ಲಿ ಹೇಳುವವರು ಧಾರಾಳ, ಅರ್ಜಿಯಲ್ಲಿ ಬಳಸುವವರು ಕಡಿಮೆ.

ನಮ್ಮ ಶಾಲೆಗಳಲ್ಲಿ ಏನು ಮಾಡಬಹುದು ಎಂದು ಕೇಳಿದರೆ, ನನಗೆ ತೋಚಿದ್ದು ದೊಡ್ಡ ಕೆಲಸವೇನಲ್ಲ. ಭಾರತದಲ್ಲಿ ಮಾರುವ ಪ್ರತಿ ಕೀಟನಾಶಕದ ಲೇಬಲಿನಲ್ಲಿ ವಜ್ರಾಕೃತಿಯ ಒಂದು ಚೌಕ ಇರುತ್ತದೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರೂ ವಿಷವೇ, ಅದು ನೆನಪಿರಲಿ. ಎಂಟನೇ ಕ್ಲಾಸಿನ ಮಕ್ಕಳಿಗೆ ಅವರವರ ಮನೆಯಲ್ಲಿರುವ ಡಬ್ಬಿಗಳನ್ನು ಮುಟ್ಟದೆ, ದೂರದಿಂದ ನೋಡಿ, ಹೆಸರು ಮತ್ತು ಬಣ್ಣ ಬರೆದುಕೊಂಡು ಬರಲು ಹೇಳಿ. ಖಾಲಿ ಡಬ್ಬಿಯನ್ನು ಮನೆಯವರು ಏನು ಮಾಡುತ್ತಾರೆ ಎಂದೂ ಕೇಳಿ. ಕೆಲವು ಮನೆಗಳಲ್ಲಿ ತೊಳೆದು ಸೀಮೆಎಣ್ಣೆಗೋ ನೀರಿಗೋ ಇಟ್ಟುಕೊಂಡಿರುತ್ತಾರೆ. ಆ ಪಟ್ಟಿಯನ್ನು ಕರಿಹಲಗೆಯಲ್ಲಿ ಬರೆದು, ಪಕ್ಕದಲ್ಲಿ ಜಿನೀವಾದ ಪಟ್ಟಿಯನ್ನು ಬರೆದರೆ ಜಾಗತಿಕ ಸವಾಲು ಎಂಬ ಪಾಠ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎಣ್ಮಕಜೆ, ಮುಳಿಯಾರಿನಂಥ ಕಡೆ ಸ್ಥಳೀಯಾಡಳಿತದ ಬಡ್ಸ್ ಶಾಲೆಗಳಿವೆ, ಭಿನ್ನ ಸಾಮರ್ಥ್ಯದ ಮಕ್ಕಳಿಗಾಗಿ ಇರುವಂಥವು. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ನೋಡಿ ಮರುಗಿ ಬರುವುದಕ್ಕಾಗಿ ಬೇಡ, ಒಟ್ಟಿಗೆ ಒಂದು ಆಟವೋ ಹಾಡೋ ಇದ್ದರೆ ಹೋಗಿ. ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಅವರ ಫೋಟೋಗಳನ್ನು ಜಗತ್ತು ಸಾಕಷ್ಟು ತೆಗೆದಾಗಿದೆ.

"ಎಂಡೋಸಲ್ಫಾನಿನಿಂದಲೇ ಹೀಗಾಯಿತೆಂದು ಪೂರ್ತಿ ಸಿದ್ಧವಾಗಿಲ್ಲ" ಎನ್ನುವ ವಿದ್ವಾಂಸರು ಇವತ್ತಿಗೂ ಇದ್ದಾರೆ. ಪ್ರತಿಯೊಂದು ಮಗುವಿನ ಪ್ರತಿಯೊಂದು ಕಾಯಿಲೆಗೂ ಅದೇ ಕಾರಣ ಎಂದು ನಾನೂ ಹೇಳಲಾರೆ. ಹಾಗೆ ಹೇಳಲು ನಾನು ಡಾಕ್ಟರಲ್ಲ. ಆದರೆ ರುಜುವಾತಿನ ಭಾರ ಯಾರ ತಲೆಯ ಮೇಲೆ ಇರಬೇಕು ಎಂಬುದು ಡಾಕ್ಟರರ ಪ್ರಶ್ನೆ ಅಲ್ಲ, ನ್ಯಾಯದ ಪ್ರಶ್ನೆ. ಸುರಿಯುವ ಮೊದಲು "ಇದರಿಂದ ಏನೂ ಆಗುವುದಿಲ್ಲ" ಎಂದು ಸುರಿಯುವವನು ತೋರಿಸಿಕೊಡಬೇಕೋ, ಇಪ್ಪತ್ತು ವರ್ಷ ಸುರಿಸಿಕೊಂಡ ಮೇಲೆ "ಇದರಿಂದಲೇ ಆಯಿತು" ಎಂದು ತಾಯಿ ತೋರಿಸಿಕೊಡಬೇಕೋ? ಸಂಶಯ ಇದ್ದಾಗ ಜಾಗ್ರತೆಯ ಕಡೆ ನಿಲ್ಲಬೇಕು ಎಂಬ ತತ್ವವನ್ನು ಸ್ಟಾಕ್‌ಹೋಮ್ ಒಪ್ಪಂದ ತನ್ನ ಮೊದಲ ವಿಧಿಯಲ್ಲೇ ಹೇಳುತ್ತದೆ. ಹತ್ತನೇ ಕ್ಲಾಸಿನ ಚರ್ಚಾ ಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಿಕ್ಕಿಲ್ಲ. ಪರ-ವಿರೋಧ ಎರಡೂ ಕಡೆ ಮಕ್ಕಳು ಮಾತಾಡಲಿ, ನಾವು ಮಧ್ಯೆ ಬಾಯಿ ಹಾಕುವುದು ಬೇಡ.

ಕ್ಲೋರ್‌ಪೈರಿಫಾಸಿನ ವಿಷಯದಲ್ಲಿ ದಿಲ್ಲಿ ಸಹಿ ಹಾಕುವುದು ಯಾವಾಗ, ವಿನಾಯಿತಿ ಯಾವ ಬೆಳೆಗೆ, ಅಡಿಕೆಗೆ ಬದಲಿ ಏನು ಎಂದು ಕೇಳಿ ಕೃಷಿ ಇಲಾಖೆಗೆ ಒಂದು ಅರ್ಜಿ ಬರೆಯಬಹುದು. ಶಾಲೆಯ ಇಕೋ ಕ್ಲಬ್ಬಿನ ಹೆಸರಲ್ಲಿ, ಮಕ್ಕಳೇ ಬರೆಯಲಿ, ಕನ್ನಡದಲ್ಲೇ ಬರೆಯಲಿ. 1969ರ ಕಾಯಿದೆಯ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿಯನ್ನು ಶಾಲೆಯ ಫೈಲಿನಲ್ಲಿ ಅಂಟಿಸಿಡಿ.